ಅತ್ತೆಯ ಕೈ ಕುಯ್ದದ್ದು ಈಳಿಗೆಮಣೆಯಲ್ಲ

ನಮ್ಮ ಮಾಕಳಿಯಲ್ಲಿ ಈಗ ಯಾರ ಮನೆಯಲ್ಲಿ ಏನು ನಡೆದರೂ ಮೇಲೊಂದು ಡ್ರೋನ್ ಹಾರಬೇಕು. ನಾಮಕರಣಕ್ಕೆ ಡ್ರೋನ್, ಬೋರ್‌ವೆಲ್ ಪೂಜೆಗೆ ಡ್ರೋನ್, ಹೊಸ ಕಾರು ಮನೆಗೆ ಬಂದರೆ ಅದಕ್ಕೂ ಡ್ರೋನ್. ಕೆಳಗೆ ನಿಂತವರು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಾರೆ. ಅದರ ಬ್ಯಾಟರಿ ಎಷ್ಟು ಉಳಿದಿದೆ ಎಂದು ಕೇಳುವವರು ಒಬ್ಬರೂ ಇಲ್ಲ. ನನಗೆ ಮೈಯೆಲ್ಲ ಉರಿಯುವುದು ಅಲ್ಲೇ.

ನಾನು ಯಮುನಾ. ಹಾಗೆ ಡ್ರೋನ್ ಹಾರಿಸುವವರಲ್ಲಿ ನನ್ನ ಗಂಡ ಶಶಿಕುಮಾರ್ ಕೂಡ ಒಬ್ಬರು. ಮದುವೆ, ಗೃಹಪ್ರವೇಶಗಳ ವಿಡಿಯೊ ತೆಗೆಯುವುದು ಇವರ ಕೆಲಸ. ನಾಲ್ಕು ಫ್ಯಾನು ತಿರುಗುವ ಯಂತ್ರ, ಹೊಟ್ಟೆಯ ಕೆಳಗೊಂದು ಕ್ಯಾಮೆರಾ. ಕೆಲಸ ಚೆನ್ನಾಗಿಯೇ ಮಾಡುತ್ತಾರೆ, ಇಲ್ಲ ಎನ್ನುವುದಿಲ್ಲ. ಆದರೆ ನಮ್ಮದೇ ಮನೆಯ ಗೃಹಪ್ರವೇಶದ ದಿನ ಮಾಡಿದ ಒಂದು ಕೆಲಸವನ್ನು ನಾನು ಸುಮ್ಮನೆ ಬಿಡುವವಳಲ್ಲ.

ನಮ್ಮ ಮಾವ ಶ್ಯಾಮಣ್ಣನವರಿಗೆ ಊರಲ್ಲಿ ಬಾಡಿಗೆ ಕಟ್ಟಡಗಳಿವೆ. ಸುತ್ತಲಿನ ಫ್ಯಾಕ್ಟರಿಗಳಿಗೆ ಹೋಗುವವರು ಅಲ್ಲಿ ಇರುತ್ತಾರೆ. ಹೊಲ ಇದ್ದ ಜಾಗದಲ್ಲಿ ಈ ವರ್ಷ ಇನ್ನೊಂದು ಎದ್ದಿತು. ಅದರ ಗೃಹಪ್ರವೇಶಕ್ಕೆ ಮಾವನದು ಒಂದೇ ಹಟ. ಡ್ರೋನ್ ನಮ್ಮ ಹಳೇ ಮನೆಯ ಬಾಗಿಲಿನಿಂದ ಏಳಬೇಕು, ಎಲ್ಲ ಕಟ್ಟಡಗಳ ಮೇಲೆ ಹಾದು ಹೊಸದನ್ನು ಸುತ್ತಬೇಕು, ತಿರುಗಿ ಹಳೇ ಮನೆಗೇ ಬರಬೇಕು. ನಡುವೆ ಎಲ್ಲೂ ವಿಡಿಯೊ ಕತ್ತರಿಸುವ ಹಾಗಿಲ್ಲ.

"ಕಟ್ ಮಾಡಿದ್ರೆ ಆ ನಲ್ಲಪ್ಪ ಏನಂತಾನೆ ಗೊತ್ತೇನ್ಲಾ? ಯಾರ್ದೋ ಬಿಲ್ಡಿಂಗ್ ತಂದು ಮಧ್ಯ ಅಂಟಿಸವ್ರೆ ಅಂತಾನೆ. ಒಂದೇ ಏಟಿಗೆ ಎಲ್ಲಾ ಬರ್ಬೇಕು," ಎಂದರು ಮಾವ. ನಲ್ಲಪ್ಪ ಎಂದರೆ ಅವರ ದಾಯಾದಿ. ಇಬ್ಬರ ಪೈಪೋಟಿ ಊರಿಗೇ ಗೊತ್ತು.

ಇವರು ಹಾರಿಸಿದರು. ಡ್ರೋನ್ ಹೊಸ ಕಟ್ಟಡದ ಹತ್ತಿರ ಹೋಗುತ್ತಿದ್ದಂತೆ ಕೈಯಲ್ಲಿದ್ದ ರಿಮೋಟ್ ಪೀಂ ಪೀಂ ಎಂದು ಕೂಗತೊಡಗಿತು. ಬ್ಯಾಟರಿ ಇಳಿಯುತ್ತಿದೆ, ವಾಪಸ್ ಕರೆಸಿಕೊ ಎಂಬ ಎಚ್ಚರಿಕೆ ಅದು. ಇವರು ಅಷ್ಟಕ್ಕೇ ತಿರುಗಿಸಿದರು. ಮಾವನ ಮುಖ ಗಂಟಾಯಿತು.

"ನಂಟ್ರೆಲ್ಲ ನೋಡ್ತಾವ್ರೆ. ಮೊದ್ಲು ಅದ್ರ ಬಾಯಿ ಮುಚ್ಸು," ಎಂದರು.

ಬಾಯಿ ಮುಚ್ಚಿಸುವುದು ಎಂದರೆ ಹೀಗೆ. ಡ್ರೋನ್ ಬ್ಯಾಟರಿಯ ಒಳಗೆ ಕೆಲವು ಸೆಲ್‌ಗಳಿರುತ್ತವೆ. ಪೂರ್ತಿ ಚಾರ್ಜ್ ಆದಾಗ ಒಂದೊಂದು ಸೆಲ್ಲಿನಲ್ಲೂ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ ವೋಲ್ಟ್ ಇರುತ್ತದೆ. ಹಾರುತ್ತಾ ಹಾರುತ್ತಾ ಅದು ಇಳಿಯುತ್ತದೆ. ಎಷ್ಟಕ್ಕೆ ಇಳಿದಾಗ ಕೂಗಬೇಕು ಎಂದು ಹಾರಿಸುವವರೇ ಸೆಟ್ ಮಾಡಿ ಇಡಬೇಕು. ಇವರು ಮೂರು ಪಾಯಿಂಟ್ ಏಳಕ್ಕೆ ಇಟ್ಟಿದ್ದರು. ಅಪ್ಪನ ಮಾತು ಕೇಳಿ ಅದನ್ನು ಮೂರು ಪಾಯಿಂಟ್ ಎರಡಕ್ಕೆ ಇಳಿಸಿದರು. ಚಾರ್ಜ್ ಆದ ಬೇರೆ ಬ್ಯಾಟರಿ ಹಾಕಿ ಮತ್ತೆ ಬಿಟ್ಟರು.

ಈ ಸಲ ಹೋಗುವಾಗ ರಿಮೋಟ್ ಕೂಗಲಿಲ್ಲ. ಡ್ರೋನ್ ಗಾಳಿಯ ಜೊತೆ ಸರಾಗವಾಗಿ ಹೋಯಿತು. ಹೊಸ ಕಟ್ಟಡವನ್ನು ಸುತ್ತಿತು. ಮಾವ ನಲ್ಲಪ್ಪನ ಕಡೆ ನೋಡಿ ಮೀಸೆ ಸವರಿಕೊಂಡರು. ವಾಪಸ್ ಬರುವಾಗ ಗಾಳಿ ಎದುರಾಯಿತು.

ಹಳೇ ಮನೆಯ ತಾರಸಿಯ ಮೇಲೆ ನಮ್ಮ ಅತ್ತೆ ಅಂಜಿನಮ್ಮ ಒಬ್ಬರೇ ಇದ್ದರು. ಒಣಮೆಣಸಿನಕಾಯಿ ಹರವಿದ್ದರು, ಮೋಡ ಕಟ್ಟಿತೆಂದು ಬಾಚಿ ಮೊರಕ್ಕೆ ತುಂಬುತ್ತಿದ್ದರು. ಡ್ರೋನ್ ನೇರ ಅವರ ಮೇಲೆ ಬಿತ್ತು. ಸದ್ದು ಕೇಳಿ ತಲೆ ಎತ್ತಿದವರು ಮುಖಕ್ಕೆ ಕೈ ಅಡ್ಡ ಕೊಟ್ಟರು. ತಿರುಗುತ್ತಿದ್ದ ಫ್ಯಾನು ಮುಂಗೈಯನ್ನು ಸಾಲಾಗಿ ಸೀಳಿತು. ನಾನು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಮೊರದ ತುಂಬ ರಕ್ತ.

ಕ್ಲಿನಿಕ್ಕಿನಲ್ಲಿ ನರ್ಸ್ ಏನಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು, "ಈಳಿಗೆಮಣೆ ತಗುಲ್ತು."

ಇವರು ನೆಲ ನೋಡುತ್ತಾ ನಿಂತಿದ್ದರು. ನರ್ಸ್ ಗಾಯ ನೋಡಿದರು, ನಮ್ಮ ಮುಖ ನೋಡಿದರು, ಗಾಯ ತೊಳೆದು ಕಟ್ಟು ಹಾಕಿದರು. ಈಳಿಗೆಮಣೆ ಎಲ್ಲಾದರೂ ಮುಂಗೈ ಮೇಲೆ ಸಾಲು ಸಾಲು ಗೀರುತ್ತದೆಯೇ? ತರಕಾರಿ ಹೆಚ್ಚಿದ ಯಾವ ಹೆಂಗಸಿಗಾದರೂ ಗೊತ್ತಾಗುತ್ತದೆ. ಡ್ರೋನ್ ಬಿತ್ತು ಎಂದರೆ ಕೆಲಸ ಕೈತಪ್ಪುತ್ತದೆ, ಪೊಲೀಸರು ಬರುತ್ತಾರೆ, ನಲ್ಲಪ್ಪ ನಗುತ್ತಾನೆ. ಅದಕ್ಕೇ ತಪ್ಪನ್ನು ಅಡಿಗೆಮನೆಗೆ ತಂದು ಹಾಕಿದರು. ಊರೆಲ್ಲ ಅದನ್ನೇ ನಂಬಿತು. ನೋಡಲು ಬಂದವರು ನಮ್ಮ ಅತ್ತೆಗೇ ಬುದ್ಧಿ ಹೇಳಿದರು, "ವಯಸ್ಸಾದ್ಮೇಲೆ ಉಷಾರಾಗಿರ್ಬೇಕು ಕಣಮ್ಮ," ಎಂದು. ಅತ್ತೆ ತಲೆ ಆಡಿಸಿದರು. ನನಗೆ ರಕ್ತ ಕುದಿಯಿತು.

ಹೋಗಲಿ, ಇವರು ಪಾಠವನ್ನಾದರೂ ಕಲಿತರೇ? ಇಲ್ಲ. ಹೊಸ ಫ್ಯಾನು ಹಾಕಿದರು, ಯಂತ್ರ ಒರೆಸಿದರು. ಅಷ್ಟರಲ್ಲಿ ಮಗಳ ಶಾಲೆಯಿಂದ ಕರೆ ಬಂತು. ರಾಜ್ಯೋತ್ಸವದ ದಿನ ಮಕ್ಕಳು ಮೈದಾನದಲ್ಲಿ ಕರ್ನಾಟಕದ ನಕ್ಷೆಯ ಆಕಾರದಲ್ಲಿ ನಿಲ್ಲುತ್ತಾರೆ, ಮೇಲಿನಿಂದ ವಿಡಿಯೊ ಬೇಕು. ನನ್ನ ಮಗಳಿಗೆ ಕೋಲಾರದಲ್ಲಿ ನಿಲ್ಲುವ ಜಾಗ ಸಿಕ್ಕಿತ್ತು. ಅವಳು ಕುಣಿದಾಡುತ್ತಿದ್ದಳು. ನಾನು ಗಂಡನನ್ನು ಕೇಳಿದೆ.

"ರೀ, ಆ ಸೆಟ್ಟಿಂಗ್ ಸರಿ ಮಾಡಿದ್ರಾ?"

"ಅದು ಬ್ಯಾಟರಿದಲ್ಲ ಕಣೇ, ಗಾಳಿ ತಳ್ಳಿದ್ದು. ಬೇಕಾದ್ರೆ ನೋಡು." ಬಿದ್ದ ಬ್ಯಾಟರಿಗೆ ಮೀಟರ್ ಚುಚ್ಚಿ ತೋರಿಸಿದರು. ಒಂದೊಂದು ಸೆಲ್ಲಿನಲ್ಲೂ ಮೂರು ಪಾಯಿಂಟ್ ಆರು ಎಂದು ತೋರಿಸಿತು. "ಇನ್ನೂ ಇಷ್ಟು ಚಾರ್ಜ್ ಇದೆ. ಖಾಲಿಯಾಗಿ ಬಿತ್ತು ಅಂತ ಹೆಂಗಂತೀಯ?"

ಉತ್ತರ ನನಗೆ ಗೊತ್ತಿರಲಿಲ್ಲ. ಆದರೆ ಅತ್ತೆಯ ಕೈ ನೋಡಿದವಳು ಹೂಂ ಅನ್ನಲು ಸಾಧ್ಯವೇ? "ಇದು ಸರಿಯಾಗೋ ತನಕ ನನ್ನ ಮಗಳು ಆ ಮೈದಾನಕ್ಕೆ ಕಾಲಿಡಲ್ಲ. ಉಳಿದ ಮಕ್ಕಳ ಮನೆಗೂ ಹೋಗಿ ಹೇಳ್ತೀನಿ," ಎಂದು ಹೇಳಿ ಮಹಡಿ ಹತ್ತಿದೆ.

ಮಹಡಿಯಲ್ಲಿ ಬಾಡಿಗೆಗೆ ಇರುವವರು ಶೈಲಜಾ. ದಾವಣಗೆರೆ ಕಡೆಯವರು, ಪೀಣ್ಯದ ಒಂದು ಕಂಪನಿಯಲ್ಲಿ ಬ್ಯಾಟರಿ ಪರೀಕ್ಷೆ ಮಾಡುವ ಎಂಜಿನಿಯರ್. ನಾನು ಶೈಲಕ್ಕ ಎನ್ನುತ್ತೇನೆ. ನಡೆದದ್ದನ್ನೆಲ್ಲ ಹೇಳಿದೆ, ಈಳಿಗೆಮಣೆಯ ಸುಳ್ಳನ್ನೂ ಹೇಳಿದೆ. ಅವರು ಕುಡಿಯುತ್ತಿದ್ದ ಟೀ ಕೆಳಗಿಟ್ಟು ನನ್ನ ಜೊತೆ ಇಳಿದು ಬಂದರು.

"ಶಶಿ ಅವರೇ, ಬಿದ್ದ ಬ್ಯಾಟರಿ ಮನಿ ಒಳಗ ಇಟ್ಕೊಂಡೀರಲ್ರೀ. ಅದಕ್ಕ ಪೆಟ್ಟು ಬಿದ್ದೈತಿ, ಬೆಂಕಿ ಹತ್ತಬಹುದು. ಮೊದಲು ಹೊರಗ ಮರಳಿನ ಬಕೆಟ್‌ನಾಗ ಇಡ್ರಿ. ಇನ್ನ ಬಳಸಬ್ಯಾಡ್ರಿ," ಎಂದರು.

"ಚಾರ್ಜ್ ಇದೆ ಮೇಡಂ ಅದ್ರಲ್ಲಿ."

"ಐತಿ ಅಂತ ಮೀಟರ್ ಹೇಳತೈತಿ, ಯಾಕಂದ್ರ ಈಗ ಅದು ಸುಮ್ಮನ ಕುಂತೈತಿ. ಮೂಟೆ ಕೆಳಗಿಟ್ಟು ಕುಂತವನನ್ನ ಸುಸ್ತಾತೇನಪ್ಪ ಅಂತ ಕೇಳಿದ್ರ ಇಲ್ಲ ಅಂತಾನ. ಮೂಟೆ ಹೊತ್ತಾಗ ಕೇಳ್ರಿ. ಫ್ಯಾನು ಜೋರಾಗಿ ತಿರುಗಿದಾಗ ಬ್ಯಾಟರಿ ವೋಲ್ಟ್ ಕುಸಿತತಿ. ಎದುರು ಗಾಳಿ ಇದ್ರ ಇನ್ನೂ ಕುಸಿತತಿ. ಲೆಕ್ಕಕ್ಕ ಬರೋದು ಅದು."

"ನಾನು ಎಷ್ಟೋ ಕಡೆ ಹಾರಿಸಿದೀನಿ, ಏನೂ ಆಗಿಲ್ಲ."

"ಆಗಿದ್ದನ್ನ ಈಳಿಗೆಮಣಿ ಮ್ಯಾಲೆ ಹಾಕಿದ್ರ ಏನೂ ಆಗಿಲ್ಲ ಅಂತನ ಅನ್ನಬೇಕಾಗ್ತತಿ," ಎಂದರು ಶೈಲಕ್ಕ. ಇವರು ಕಿವಿಯವರೆಗೂ ಕೆಂಪಾದರು. ನನಗೆ ಸ್ವಲ್ಪ ಹಾಯೆನಿಸಿತು, ಸುಳ್ಳೇಕೆ ಹೇಳಲಿ.

ಮನೆಯ ಹಿಂದೆ ಖಾಲಿ ಸೈಟಿದೆ, ಹುಲ್ಲು ಬೆಳೆದಿದೆ. ಅಲ್ಲಿ ಶೈಲಕ್ಕ ಅಷ್ಟೇ ಇಳಿದಿದ್ದ ಇನ್ನೊಂದು ಬ್ಯಾಟರಿಯನ್ನು ಡ್ರೋನಿಗೆ ಹಾಕಿಸಿದರು. ಅದೂ ಸುಮ್ಮನೆ ಕೂತಿದ್ದಾಗ ಮೂರು ಪಾಯಿಂಟ್ ಆರನ್ನೇ ತೋರಿಸಿತು. ನಮ್ಮನ್ನೆಲ್ಲ ಕಾಂಪೌಂಡ್ ಗೋಡೆಯ ಹಿಂದೆ ನಿಲ್ಲಿಸಿದರು. ಮಾವನೂ ಬಂದರು, ಅತ್ತೆಯೂ ಕಟ್ಟು ಹಾಕಿದ ಕೈ ಎದೆಗೆ ಒತ್ತಿಕೊಂಡು ಬಂದರು.

"ಮೊಣಕಾಲು ಎತ್ತರ ದಾಟಬ್ಯಾಡ್ರಿ. ರಿಮೋಟ್‌ನಾಗಿನ ನಂಬರ್ ನೋಡ್ತಾ ಇರ್ರಿ," ಎಂದರು ಶೈಲಕ್ಕ.

ಡ್ರೋನ್ ನೆಲ ಬಿಟ್ಟಿತು. ಮೂರು ಪಾಯಿಂಟ್ ಆರು ಇದ್ದದ್ದು ಆಗಲೇ ಮೂರು ಪಾಯಿಂಟ್ ನಾಲ್ಕಾಯಿತು. ಇವರು ಕಣ್ಣು ಕಿರಿದು ಮಾಡಿ ನೋಡಿದರು. ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಗಾಳಿ ಬೀಸಿತು, ಇವರು ಅದನ್ನು ಗಾಳಿಗೆ ಎದುರಾಗಿ ತಳ್ಳಿದರು. ರಿಮೋಟ್ ಪೀಂ ಎಂದಿತು. ಮರುಕ್ಷಣವೇ ಡ್ರೋನ್ ದಪ್ಪೆಂದು ಹುಲ್ಲಿನ ಮೇಲೆ ಬಿತ್ತು. ಕೂಗಿದ್ದೂ ಬಿದ್ದದ್ದೂ ಒಟ್ಟಿಗೇ ಆಯಿತು. ಇವರ ಕೈ ರಿಮೋಟ್ ಮೇಲೆ ಹಾಗೇ ಇತ್ತು.

"ಅವತ್ತೂ ಹಿಂಗೇ ಒಂದೇ ಸಲ ಕೂಗ್ತು," ಎಂದರು ಮೆಲ್ಲಗೆ. ಅಲ್ಲಿಯವರೆಗೆ ಆ ಮಾತನ್ನು ನನಗೂ ಹೇಳಿರಲಿಲ್ಲ.

"ಗ್ಯಾಸ್ ಸಿಲಿಂಡರ್ ಕೊನೀಗೆ ಬಂದಾಗ ಉರಿ ಕೆಂಪಾಗಿ ಪಕ್ಕನ ಆರ್ತತಲ್ಲ, ಹಂಗ ಇದು," ಎಂದರು ಶೈಲಕ್ಕ. "ಮೂರು ಪಾಯಿಂಟ್ ಐದರ ಕೆಳಗ ಹೋದ್ರ ಬ್ಯಾಟರಿ ನಿಧಾನ ಇಳಿಯಂಗಿಲ್ಲ, ಜಾರತತಿ. ಅಲ್ಲಿ ಕೂಗಿ ಏನುಪಯೋಗ? ತಿರುಗಿ ಬರೋಕ ಟೈಮ್ ಇರೋವಾಗ ಕೂಗಬೇಕು."

ಮಾವ ಗಂಟಲು ಸರಿಮಾಡಿಕೊಂಡರು. "ಆದ್ರೂ ಮೈದಾನ ಸಣ್ಣದು. ಬೇಗ ಮುಗ್ಸಿದ್ರಾಯ್ತು. ಇಸ್ಕೂಲ್ನೋರಿಗೆ ಮಾತು ಕೊಟ್ಟೈತೆ," ಎಂದರು.

ಅತ್ತೆ ಮುಂದೆ ಬಂದು ಮಾವನ ಎದುರಿಗೆ ನಿಂತರು.

"ನನ್ಗೆ ಕೈ ಅಡ್ಡ ಕೊಡೋಕೆ ಗೊತ್ತಾಯ್ತು. ಆ ಮಕ್ಳಿಗೆ ಮ್ಯಾಲೆ ನೋಡಿ ನಗ್ರಿ ಅಂತ ಏಳ್ಕೊಟ್ಟವ್ರೆ. ಅವು ಮುಖ ಎತ್ಕೊಂಡು ನಿಂತಿರ್ತವೆ," ಎಂದರು.

ಮಾವ ಅತ್ತೆಯ ಕೈ ನೋಡಿದರು. ಕಾಂಪೌಂಡ್ ಗೋಡೆಗೆ ಒರಗಿ ಕೂತುಬಿಟ್ಟರು.

ಇವರು ಅಲ್ಲೇ ಹುಲ್ಲಿನ ಮೇಲೆ ಕೂತು ಸೆಟ್ಟಿಂಗ್ ಬದಲಾಯಿಸಿದರು. ಮೊದಲ ಎಚ್ಚರಿಕೆ ಮೂರು ಪಾಯಿಂಟ್ ಏಳಕ್ಕೆ, ಕೂಗಿದರೆ ತಿರುಗಿ ಹೊರಡಬೇಕು. ಎರಡನೆಯದು ಮೂರು ಪಾಯಿಂಟ್ ಐದಕ್ಕೆ, ಕೂಗಿದರೆ ಜನರಿಲ್ಲದ ಜಾಗ ನೋಡಿ ಇಳಿಸಿಬಿಡಬೇಕು. ಚಾರ್ಜ್ ಮಾಡಿದ ಒಳ್ಳೆಯ ಬ್ಯಾಟರಿ ಹಾಕಿ, ಮೊಣಕಾಲಿನ ಎತ್ತರದಲ್ಲೇ ಹಾರಿಸಿ, ಮೊದಲನೆಯದು ಸರಿಯಾಗಿ ಕೂಗುತ್ತದೆಯೇ ಎಂದು ನೋಡಿಕೊಂಡರು. ಕೂಗಿದ ಮೇಲೂ ಡ್ರೋನ್ ಗಟ್ಟಿಯಾಗಿ ನಿಂತಿತ್ತು. ಆರಾಮವಾಗಿ ಇಳಿಯಿತು.

ರಾಜ್ಯೋತ್ಸವದ ದಿನ ಡ್ರೋನ್ ಮಕ್ಕಳ ತಲೆಯ ಮೇಲೆ ಹೋಗಲೇ ಇಲ್ಲ. ಮೈದಾನದ ಆಚೆ, ಯಾರೂ ಇಲ್ಲದ ಕಡೆ ನಿಂತು ಓರೆಯಾಗಿ ವಿಡಿಯೊ ತೆಗೆಯಿತು. ನಕ್ಷೆ ಸ್ವಲ್ಪ ಸೊಟ್ಟಗೆ ಬಂತು. ಬರಲಿ. ನಡುವೆ ರಿಮೋಟ್ ಕೂಗಿತು. ಹೆಡ್‌ಮಾಸ್ಟರು ಇನ್ನೊಂದು ರೌಂಡ್ ಎಂದು ಕೈ ತಿರುಗಿಸಿದರು. ಇವರು ಅಪ್ಪನ ಮುಖ ನೋಡಿದರು.

"ಕೂಗ್ತೈತಲ್ಲ, ಇಳ್ಸು ಕಣ್ಲಾ," ಎಂದರು ಮಾವ.

ಕೋಲಾರದಲ್ಲಿ ನಿಂತಿದ್ದ ನನ್ನ ಮಗಳು ಖಾಲಿ ಆಕಾಶ ನೋಡಿಕೊಂಡು ನಗುತ್ತಲೇ ಇದ್ದಳು.

ಆಮೇಲೆ ನಮ್ಮ ಮಹಿಳಾ ಸಂಘದ ಸಭೆ ಬಂತು. ಯಾರೋ ಅತ್ತೆಯನ್ನು ಕೇಳಿದರು, ಈಳಿಗೆಮಣೆ ಗಾಯ ವಾಸಿಯಾಯಿತೇ ಎಂದು. ಅತ್ತೆ ಸೆರಗಿನಿಂದ ಕೈ ಹೊರಗೆ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಕಲೆಗಳು ಸಾಲಾಗಿ ಇನ್ನೂ ಕೆಂಪಗಿದ್ದವು.

"ಈಳಿಗೆಮಣೆ ಅಲ್ಲ ಕಣ್ರವ್ವ. ನನ್ ಮಗನ್ ಡ್ರೋನು. ಕೂಗೋದನ್ನ ಕೂಗ್ಬ್ಯಾಡ ಅಂತ ಬಾಯಿ ಮುಚ್ಸಿದ್ರು," ಎಂದರು. ಬಾಗಿಲ ಬಳಿ ನಮ್ಮನ್ನು ಕರೆದೊಯ್ಯಲು ಬಂದಿದ್ದ ಇವರು ತಲೆ ತಗ್ಗಿಸಲಿಲ್ಲ. "ಹೌದು, ನನ್ನದೇ," ಎಂದರು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಡ್ರೋನ್ ಇದ್ದರೆ ಇವತ್ತೇ ತೆಗೆದು ನೋಡಿ, ಎಚ್ಚರಿಕೆ ಎಷ್ಟಕ್ಕೆ ಇಟ್ಟಿದೆ ಎಂದು. ಕಂಪನಿಯವರು ನಿಮ್ಮ ಬ್ಯಾಟರಿಗೆ ಎಷ್ಟು ಹೇಳಿದ್ದಾರೋ ಅದಕ್ಕಿಂತ ಕೆಳಗೆ ಇಳಿಸಬೇಡಿ. ಬ್ಯಾಟರಿ ಬದಲಾದರೆ, ಹಳೆಯದಾದರೆ, ಮತ್ತೆ ನೋಡಿ. ಉಬ್ಬಿದ ಬ್ಯಾಟರಿ ಬೇಡವೇ ಬೇಡ. ಹಾರಿಸಲು ಅನುಮತಿ ಬೇಕಿದ್ದರೆ ಪಡೆಯಿರಿ, ಜನರ ತಲೆಯ ಮೇಲೆ ಹಾರಿಸಬೇಡಿ. ವಿಡಿಯೊ ಮಾಡಿಸುವವರೇ, ನಿಮಗೂ ಹೇಳುತ್ತಿದ್ದೇನೆ. ರಿಮೋಟ್ ಕೂಗಿದಾಗ ಇನ್ನೊಂದು ರೌಂಡ್ ಎಂದು ಕೈ ತಿರುಗಿಸುವವರು ನೀವೇ. ಆ ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಬಿದ್ದರೆ ಯಾರ ಮೇಲೆ ಬೀಳುತ್ತದೆ ಎಂದು ಒಂದು ಸಲ ಕೆಳಗೆ ನೋಡಿ. ಅಲ್ಲಿ ಯಾರದೋ ತಾಯಿ ಮೆಣಸಿನಕಾಯಿ ಬಾಚುತ್ತಿರುತ್ತಾಳೆ.