ಮಾಸ್ತರರ ಎರಡು ನಿಮಿಷ

ಬೈಲಹೊಂಗಲದ ಸುತ್ತಮುತ್ತ ಯಾವ ರಾಜಕಾರಣಿ ತೀರಿಕೊಂಡರೂ ನುಡಿನಮನಕ್ಕೆ ನೀಲಕಂಠ ಮಾಸ್ತರರೇ ಬೇಕು. ಕಿತ್ತೂರಿರಲಿ, ರಾಮದುರ್ಗವಿರಲಿ, ಸತ್ತವರು ಯಾವ ಪಕ್ಷದವರೇ ಇರಲಿ, ಮೈಕಿನ ಮುಂದೆ ಇವರು. ಆದರೆ ಅವರ ಮಾತಿಗಿಂತ ಹೆಸರುವಾಸಿಯಾದದ್ದು ಅವರ ಮೌನ. ಬೇರೆ ಕಡೆ ಎರಡು ನಿಮಿಷ ಮೌನ ಅಂದರೆ ಇಪ್ಪತ್ತು ಎಣಿಸುವುದರೊಳಗೆ ಕೆಮ್ಮು ಶುರು, ಮೂವತ್ತಕ್ಕೆ ಎಲ್ಲರೂ ಕುಳಿತಾಯಿತು. ಮಾಸ್ತರರ ಮುಂದೆ ಆ ಆಟ ನಡೆಯುವುದಿಲ್ಲ. ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡರೆಂದರೆ ನೂರಿಪ್ಪತ್ತು ಸೆಕೆಂಡು, ಒಂದೂ ಕಡಿಮೆಯಿಲ್ಲ. ಸವದತ್ತಿಯಲ್ಲಿ ಯಾರೋ ಪುಢಾರಿ ನಡುವೆ ಫೋನು ತೆಗೆದನೆಂದು ಇಡೀ ಸಭೆಯನ್ನು ಮತ್ತೆ ಮೊದಲಿನಿಂದ ನಿಲ್ಲಿಸಿದ್ದರು. ಅಂದಿನಿಂದ ಮಾಸ್ತರರ ಮೌನದಲ್ಲಿ ಮಂದಿ ಅಲುಗಾಡುವುದಕ್ಕೂ ಅಂಜುತ್ತಾರೆ.

ಆ ಮಾಸ್ತರರು ರೈತ ಲಕ್ಕಪ್ಪನ ಮನೆಗೆ ಬಂದದ್ದು ಬಾಳೇಶ ಸಾಹುಕಾರರು ತೀರಿಕೊಂಡ ಒಂಬತ್ತನೆಯ ದಿನ. ಸಾಹುಕಾರರೆಂದರೆ ಮೂರು ಸಲ ಶಾಸಕರಾಗಿದ್ದವರು.

"ಶುಕ್ರವಾರ ಬೈಲಹೊಂಗಲದಾಗ ನುಡಿನಮನ ಅದ, ಲಕ್ಕಪ್ಪ. ನಿಮ್ಮೂರ ಪರವಾಗಿ ನೀನ ಬಂದು ಹಾರ ಹಾಕಬೇಕು. ನಿಮ್ಮ ಸಾಲಿ ಹೆಸರೂ ಅವತ್ತ ವೇದಿಕಿ ಮ್ಯಾಲ ಹೇಳತಾರ."

ಲಕ್ಕಪ್ಪ ಚಹಾದ ಬಸಿ ಕೆಳಗಿಟ್ಟು ಹತ್ತಿರ ಸರಿದ. "ನಮ್ಮ ಭಾಗಿ ಹೆಸರ ಇಡತಾರೇನ್ರೀ, ಮಾಸ್ತರ?"

ಮಾಸ್ತರರು ಆಗಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. "ಬಾ ಅಂತ ಹೇಳೇನಲ್ಲ. ಎಲ್ಲಾ ಛಲೋ ಆಗತದ."

ಹನ್ನೊಂದು ವರ್ಷದಿಂದ ಲಕ್ಕಪ್ಪ ಕಾಯುತ್ತಿದ್ದುದು ಈ ಒಂದು ಮಾತಿಗೆ. ದೊಡವಾಡದಾಚೆ ಅವನ ಊರು. ಏಳನೆಯ ಇಯತ್ತೆಯ ತನಕ ಸಾಲಿ ಊರಲ್ಲೇ ಇತ್ತು, ಅದರ ಮುಂದೆ ಓದಬೇಕೆಂದರೆ ಟಂಟಂ ಆಟೋ ಹತ್ತಬೇಕು. ಅವನ ಒಬ್ಬಳೇ ಮಗಳು ಭಾಗೀರಥಿ ಎಂಟನೆಯ ಇಯತ್ತೆಗೆ ಹೋಗಲು ಶುರುಮಾಡಿ ಇಪ್ಪತ್ತು ದಿನವಾಗಿರಲಿಲ್ಲ, ಹಳ್ಳದ ತಿರುವಿನಲ್ಲಿ ಟಂಟಂ ಮಗುಚಿತು. ಉಳಿದ ಮಕ್ಕಳಿಗೆ ಕೈಕಾಲು ಮುರಿದವು. ಭಾಗೀರಥಿ ಉಳಿಯಲಿಲ್ಲ.

ಊರಿಗೆ ಹೈಸ್ಕೂಲು ಬರಲಿ ಎಂದು ಲಕ್ಕಪ್ಪ ರಸ್ತೆಗೆ ಹತ್ತಿದ ತನ್ನ ಎರಡು ಎಕರೆ ಎರೆ ಹೊಲ ಬಿಟ್ಟುಕೊಟ್ಟ. ಸಾಹುಕಾರರು ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ನೀ ಸರಕಾರಕ್ಕ ಕೊಡಾಕ ಹೋದ್ರ ವರ್ಷಗಟ್ಟಲೆ ಅಡ್ಡಾಡಸ್ತಾರ. ನನ್ನ ಹೆಸರಿಗಿ ಮಾಡು. ನಾ ಕೊಟ್ರ ತಿಂಗಳದಾಗ ಕೆಲಸ. ಬೋರ್ಡಿನ ಮ್ಯಾಲ ಮಾತ್ರ ನಿನ್ನ ಮಗಳ ಹೆಸರ" ಎಂದಿದ್ದರು. ಕಾಗದ ಬರೆದವರು ಇದೇ ನೀಲಕಂಠ ಮಾಸ್ತರರು. ಭಾಗೀರಥಿಗೆ ಅಕ್ಷರ ಕಲಿಸಿದವರೂ ಅವರೇ. ಅವರು ತೋರಿಸಿದ ಕಡೆ ಲಕ್ಕಪ್ಪ ಕಣ್ಣುಮುಚ್ಚಿ ಸಹಿ ಹಾಕಿದ್ದ. ಸಾಲಿ ಎದ್ದಿತು, ಮಕ್ಕಳು ಬಂದರು, ಬೋರ್ಡಿನ ಮೇಲೆ ಮಾತ್ರ ಬರೀ ಊರಿನ ಹೆಸರು. ಕೇಳಿದಾಗೆಲ್ಲ ಸಾಹುಕಾರರು ಹೆಗಲು ತಟ್ಟಿ, ಆಗತೈತಿ ತಗೋ ಮಾರಾಯ ಎನ್ನುತ್ತಿದ್ದರು.

ಶುಕ್ರವಾರ ಲಕ್ಕಪ್ಪ ತಲೆಗೆ ಹೊಸ ಪಟಗಾ ಸುತ್ತಿಕೊಂಡ. ಹೆಂಡತಿ ಇಂದ್ರವ್ವ ಮಗಳ ಫೋಟೋವನ್ನು ಗೋಡೆಯಿಂದ ಇಳಿಸಿ, ಒರೆಸಿ, ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಅದ್ಯಾಕ?" ಎಂದ ಲಕ್ಕಪ್ಪ.

"ಹೆಸರ ಹೇಳೂ ಮುಂದ ಅವರು ಫೋಟೋ ಕೇಳಿದ್ರಂದ್ರ? ಇಲ್ಲ ಅನ್ನಾಕ ಆಗತೈತೇನು?"

ಬೈಲಹೊಂಗಲದ ಮಂಗಲ ಕಾರ್ಯಾಲಯ ತುಂಬಿ ತುಳುಕುತ್ತಿತ್ತು. ಯರಗಟ್ಟಿ, ನೇಸರಗಿಯಿಂದೆಲ್ಲ ಬಸ್ಸು ತುಂಬಿಸಿಕೊಂಡು ಮಂದಿ ಬಂದಿದ್ದರು. ಲಕ್ಕಪ್ಪನನ್ನು ವೇದಿಕೆಯ ಮೇಲೆ ಕೊನೆಯ ಕುರ್ಚಿಯಲ್ಲಿ ಕೂಡಿಸಿದರು. ಇಂದ್ರವ್ವ ಮುಂದಿನ ಸಾಲಿನಲ್ಲಿ ಚೀಲ ತಬ್ಬಿ ಕುಳಿತಳು. ಅವರಿವರ ಭಾಷಣ ಮುಗಿದು ಮಾಸ್ತರರು ಎದ್ದರು. ಸಾಹುಕಾರರ ಬಾಲ್ಯದಿಂದ ಶುರುಮಾಡಿ, ಕೆರೆ, ರಸ್ತೆ, ಬಸ್ಸು ಎಲ್ಲ ಮುಗಿಸಿ, ಕಡೆಗೆ ದನಿ ನಡುಗಿಸಿದರು.

"ಹಳ್ಳಿಯ ಹೆಣ್ಣುಮಕ್ಕಳು ಓದಲೆಂದು ತಮ್ಮ ಸ್ವಂತದ ಎರಡು ಎಕರೆ ಭೂಮಿಯನ್ನು ಶಾಲೆಗೆ ದಾನ ಮಾಡಿದ ಮಹಾನುಭಾವರು ನಮ್ಮ ಸಾಹುಕಾರರು. ಇಂದಿನಿಂದ ಆ ಶಾಲೆಗೆ ಬಾಳೇಶ ಸಾಹುಕಾರ ಸ್ಮಾರಕ ಪ್ರೌಢಶಾಲೆ ಎಂದು ಹೆಸರು."

ಚಪ್ಪಾಳೆಯೋ ಚಪ್ಪಾಳೆ. ಲಕ್ಕಪ್ಪನಿಗೆ ಮೊದಲು ಏನೂ ತಿಳಿಯಲಿಲ್ಲ. ಬೇರೆ ಯಾವುದೋ ಊರಿನ ಮಾತಿರಬೇಕು ಎಂದುಕೊಂಡ. ಕೆಳಗೆ ಇಂದ್ರವ್ವ ಟವೆಲು ಅರ್ಧ ಬಿಚ್ಚಿದವಳು ಹಾಗೆಯೇ ಕೈ ನಿಲ್ಲಿಸಿ ಅವನ ಮುಖವನ್ನೇ ನೋಡುತ್ತಿದ್ದಳು. ಆಗ ತಿಳಿಯಿತು.

ಸಾಹುಕಾರರು ಮರೆತದ್ದಕ್ಕೆ ಅವನಿಗೆ ಅಷ್ಟು ಸಿಟ್ಟು ಬರಲಿಲ್ಲ ನೋಡಿ. ದೊಡ್ಡವರು, ಸಾವಿರ ಮಂದಿಗೆ ಸಾವಿರ ಮಾತು ಕೊಟ್ಟಿರುತ್ತಾರೆ, ಸತ್ತೂ ಹೋದರು. ಆದರೆ ಮಾಸ್ತರರು? ಯಾರ ಹೊಲವೆಂದು ಗೊತ್ತಿದ್ದವರು! ಭಾಗಿಯ ಕೈ ಹಿಡಿದು ತಿದ್ದಿಸಿದವರು! ಮೊನ್ನೆ ತನ್ನ ಮನೆಯಲ್ಲಿ ಕುಳಿತು ತನ್ನ ಎಮ್ಮೆಯ ಹಾಲಿನ ಚಹಾ ಕುಡಿದು, ಎಲ್ಲಾ ಛಲೋ ಆಗತದ ಎಂದವರು! ವೇದಿಕೆಯ ಪಕ್ಕದಲ್ಲಿ ಮಾಸ್ತರರ ಮಗ ಅಭಿಜಿತ ಸಾಹುಕಾರರ ಮಕ್ಕಳ ಹಿಂದೆ ಕೈಕಟ್ಟಿ ನಿಂತಿದ್ದ. ಹೋದ ತಿಂಗಳಷ್ಟೇ ಸಾಹುಕಾರರ ಮನೆತನದ ಕಾಲೇಜಿಗೆ ಪ್ರಿನ್ಸಿಪಾಲನಾಗಿದ್ದ.

"ಈಗ ಗ್ರಾಮಸ್ಥರ ಪರವಾಗಿ ಲಕ್ಕಪ್ಪ ಅವರಿಂದ ಮಾಲಾರ್ಪಣೆ" ಎಂದರು ಮಾಸ್ತರರು.

ಲಕ್ಕಪ್ಪ ಹಾರ ಹಿಡಿದು ಎದ್ದ. ಸಾಹುಕಾರರ ಫೋಟೋದ ಕಡೆಗೆ ಹೋಗಲಿಲ್ಲ. ನೇರ ಮೈಕಿನ ಹತ್ತಿರ ಬಂದು ನಿಂತ. ಮಾಸ್ತರರು ಅವನ ಮುಖ ನೋಡಿದರು, ಬಣ್ಣಗೆಟ್ಟರು. ಅವನ ಬಾಯಿಗೆ ಮಾತು ಬರುವುದರೊಳಗೆ ಗಡಬಡಿಸಿ ಕೈಗಡಿಯಾರ ಬಿಚ್ಚಿ, "ಎಲ್ಲಾರೂ ಎದ್ದು ನಿಲ್ಲರಿ. ಎರಡು ನಿಮಿಷ ಮೌನ" ಎಂದುಬಿಟ್ಟರು.

ಎಲ್ಲರೂ ಎದ್ದರು. ಗಪ್‌ಚಿಪ್. ಫ್ಯಾನು ತಿರುಗುವ ಸಪ್ಪಳವೊಂದೇ.

"ಆ ಹೊಲ ನಂದು" ಎಂದ ಲಕ್ಕಪ್ಪ.

ಮೈಕು ಚಾಲೂ ಇತ್ತು. ಮಾತು ರಸ್ತೆಯ ತನಕ ಹೋಯಿತು. ಯಾರೂ ತಲೆಯೆತ್ತಲಿಲ್ಲ. ಮಾಸ್ತರರ ಮೌನ, ಅಲುಗಾಡುವವರು ಯಾರು?

"ಸಾಹುಕಾರ್ರು ಕೆರಿ ಕಟ್ಟಿಸ್ಯಾರ, ರಸ್ತೆ ಮಾಡ್ಯಾರ. ನಾ ಇಲ್ಲ ಅನ್ನಾಂಗಿಲ್ಲ. ಅದನ್ನ ಹೇಳ್ರಿ, ನಾನೂ ಕೈ ಮುಗೀತೇನಿ. ಹೊಲ ಮಾತ್ರ ಅವರದಲ್ಲ. ನನ್ನ ಮಗಳು ಸಾಲಿಗಿ ಹೋಗೂ ಹಾದ್ಯಾಗ ಸತ್ಲು. ಅಕಿ ಹೆಸರ ಇಡತೇನಿ ಅಂದ್ರು, ಕೊಟ್ಟೆ. ಕಾಗದ ಬರದವರು ಇಲ್ಲೇ ನಿಂತಾರ, ಕೈಯಾಗ ಗಡಿಯಾರ ಹಿಡಕೊಂಡು. ಅಕಿಗಿ ಅ, ಆ ಕಲಿಸಿದವರೂ ಇವರ. ಸತ್ತವರು ಮಾತ ಮರತ್ರು, ಹೋಗ್ಲಿ. ಮಾಸ್ತರ, ನೀವು ಬದುಕೀರಿ. ನಿಮಗೂ ಅಕಿ ಹೆಸರ ಮರತ್ಹೋತ?"

ಸಾಹುಕಾರರ ಮಕ್ಕಳು ಹಲ್ಲುಕಚ್ಚಿ ನೆಲ ನೋಡುತ್ತಿದ್ದರು. ಇಂದ್ರವ್ವ ಟವೆಲು ಪೂರ್ತಿ ಬಿಚ್ಚಿ ಫೋಟೋವನ್ನು ಎದೆಗೆ ಹಿಡಿದು ಸಭೆಯ ಕಡೆಗೆ ತಿರುಗಿ ನಿಂತಳು. ಎರಡು ಜಡೆಯ ಹುಡುಗಿ, ನೀಲಿ ರಿಬ್ಬನ್ನು.

"ಅಕಿ ಹೆಸರ ಭಾಗೀರಥಿ" ಎಂದ ಲಕ್ಕಪ್ಪ.

"ಸಾಕು, ಸಾಕು. ಕುಂಡರ್ರಿ ಎಲ್ಲಾರೂ" ಎಂದರು ಮಾಸ್ತರರು. ಹೇಳಿದವರೇ ಕುರ್ಚಿ ಹುಡುಕಿಕೊಂಡು ಕುಳಿತರು.

ಲಕ್ಕಪ್ಪ ಎದುರಿನ ಗೋಡೆಯ ಗಡಿಯಾರ ನೋಡಿದ.

"ಇನ್ನೂ ಅರ್ಧ ನಿಮಿಷ ಐತ್ರಿ, ಮಾಸ್ತರ. ಇಷ್ಟು ವರ್ಷದಾಗ ಒಂದ ದಿನ ಕಡಿಮಿ ಮಾಡಿಲ್ಲ ನೀವು. ಉಳದ ಅರ್ಧ ನಿಮಿಷ ನನ್ನ ಮಗಳಿಗಿ ನಿಲ್ಲರಿ."

ಸಭೆಯಲ್ಲಿ ಒಬ್ಬರೂ ಕುಳಿತುಕೊಳ್ಳಲಿಲ್ಲ. ಮಾಸ್ತರರು ಮಾತ್ರ ಕುಳಿತೇ ಇದ್ದರು.