ನಾಲ್ಕು ಗಂಟೆಗೆ ಕಾದ ಕತ್ರೀನಾ

ಕೇರಳದ ಆಲಪ್ಪುಳದ ಹತ್ತಿರ ಮುಹಮ್ಮ ಎಂಬ ಊರಿನಲ್ಲಿ ಕಾಯಿಲೆಯವರನ್ನು ನೋಡಲು ಬರಿಗೈಲಿ ಹೋದರೆ ಊರೆಲ್ಲ ಆಡಿಕೊಳ್ಳುತ್ತದೆ. ನಾಲ್ಕು ಕಿತ್ತಳೆಯಾದರೂ ಬೇಕು, ಇಲ್ಲವೇ ಒಂದು ಚಿಪ್ಪು ನೇಂದ್ರ ಬಾಳೆ. ಈ ಪದ್ಧತಿ ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಮಾಡಿರಬೇಕು. ವಿಲಾಸಿನಿಗೆ ಮಾತ್ರ ಅದೇ ಮುಳುವಾಯಿತು.

ವಿಲಾಸಿನಿ ಮತ್ತು ಕತ್ರೀನಾ ತೆಂಗಿನ ನಾರಿನ ಹುರಿ ಹೊಸೆಯುವವರು. ಒಂದೇ ರಾಟೆಗೆ ಎಳೆ ಸಿಕ್ಕಿಸಿ, ಸೊಂಟಕ್ಕೆ ನಾರು ಕಟ್ಟಿಕೊಂಡು, ಹಿಂದಕ್ಕೆ ಹೆಜ್ಜೆ ಹಾಕುತ್ತಾ ಇಪ್ಪತ್ತಾರು ವರ್ಷ ಅಕ್ಕಪಕ್ಕ ನಡೆದವರು. ಅವರು ಆಡಿಕೊಳ್ಳದ ಮಾತಿಲ್ಲ. ಹಿಂದುಮುಂದು ಯಾರೂ ಇಲ್ಲದ ಕತ್ರೀನಾ ಬಿದ್ದು ಸೊಂಟ ಮುರಿದುಕೊಂಡ ಮೇಲೆ ದೋಣಿಕಟ್ಟೆಯ ಬಳಿಯ ಶುಶ್ರೂಷಾ ಮನೆ ಸೇರಿದಳು.

ವಿಲಾಸಿನಿ ಎರಡು ಸಲ ಹೋಗಿ ಬಂದಳು. ಮೂರನೆಯ ಸಲ ಹೊರಟಾಗ ಮನೆಯಲ್ಲಿ ಒಯ್ಯಲು ಏನೂ ಇರಲಿಲ್ಲ. ಅಕ್ಕಿ ಉಂಡೆ ಕಟ್ಟಿಕೊಂಡು ಮುಂದಿನ ವಾರ ಹೋದರಾಯಿತು ಎಂದುಕೊಂಡಳು. ಅಕ್ಕಿ ನೆನೆಸಿದ ದಿನ ಮಳೆ, ಮಳೆ ಬಿಟ್ಟ ದಿನ ಮಂಡಿನೋವು. ಮುಂದಿನ ವಾರ, ಮುಂದಿನ ವಾರ ಎನ್ನುತ್ತಾ ಎಂಟು ತಿಂಗಳಾಯಿತು. ಅಷ್ಟರಲ್ಲಿ ಕತ್ರೀನಾ ಹೋಗಿಬಿಟ್ಟಳು.

ಸತ್ತವರ ಹೆಸರಲ್ಲಿ ಊಟ ಹಾಕಿಸುವ ನಲವತ್ತೊಂದನೆಯ ದಿನ ಹತ್ತಿರ ಬಂದಂತೆ ವಿಲಾಸಿನಿಗೆ ಅನ್ನ ಸೇರದಾಯಿತು.

"ಅವಳ ಹೆಸರಲ್ಲಿ ಅಲ್ಲಿರೋರಿಗೆಲ್ಲ ಒಂದೂಟ ಹಾಕಿಸ್ತೀನಿ" ಎಂದು ನಾದಿನಿ ಸುಭದ್ರಾಗೆ ಹೇಳಿದಳು.

"ಹಾಕಿಸಿ ಕೈ ತೊಳ್ಕೊಳ್ಳಿ ಅತ್ತಿಗೆ. ಆಮೇಲೆ ಆ ಕಡೆ ಹೋಗ್ಬೇಡಿ, ಮನಸ್ಸು ಕೆಡುತ್ತೆ. ನಿಮ್ಮೋರು ಅಂತ ಅಲ್ಲಿ ಇನ್ಯಾರಿದ್ದಾರೆ?" ಎಂದಳು ಸುಭದ್ರಾ. ಹಾಗೆಂದವಳೇ ಅತ್ತಿಗೆಯ ಮಂಡಿಯನ್ನು ನಂಬದೆ ಜೊತೆಗೆ ಹೊರಟಳು.

ಶುಶ್ರೂಷಾ ಮನೆಯಲ್ಲಿ ನರ್ಸ್ ಫಿಲೋಮಿನಾ ಕ್ಯಾಲೆಂಡರ್ ತೋರಿಸಿದಳು. "ಊಟಕ್ಕೆ ಡಿಸೆಂಬರ್‌ವರೆಗೂ ಜಾಗ ಇಲ್ಲ ಅಕ್ಕಾ. ಹುಟ್ಟುಹಬ್ಬದ್ದು, ತಿಥಿದು, ಎಲ್ಲಾ ತುಂಬಿದೆ. ಓಣಂ ವಾರ ಆರು ದಿನ ಆರು ಪಾಯಸ. ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನರ್ಧಕ್ಕೆ ಹೊಟ್ಟೆ ಕೆಟ್ಟಿತ್ತು. ಊಟ ಗಾಡೀಲಿ ಬರುತ್ತೆ, ಪಾತ್ರೆ ಗಾಡೀಲಿ ಹೋಗುತ್ತೆ. ಕೂತು ಮಾತಾಡೋರು ಮಾತ್ರ ಬರಲ್ಲ."

"ಕತ್ರೀನಾ ನನ್ನ ನೆನೆಸ್ಕೊತಿದ್ಲಾ ಮಗಳೇ?"

ಫಿಲೋಮಿನಾ ಕ್ಯಾಲೆಂಡರನ್ನು ಪಕ್ಕಕ್ಕಿಟ್ಟಳು. "ದಿನಾ ನಾಲ್ಕು ಗಂಟೆಗೆ, ಭೇಟಿ ಹೊತ್ತಿಗೆ, ತಲೆ ಬಾಚಿಸ್ಕೊಂಡು ಕೂತಿರೋರು. 'ಏನಾದ್ರೂ ತರ್ಬೇಕು ಅಂತ ಒದ್ದಾಡ್ತಿರ್ತಾಳೆ, ಅದಕ್ಕೇ ತಡ. ಹುಚ್ಚಿ, ಬಂದು ನಾಲ್ಕು ಮಾತು ಬೈದು ಹೋಗಿದ್ರೂ ಸಾಕಿತ್ತು' ಅನ್ನೋರು."

ವಿಲಾಸಿನಿ ಹೆಗಲ ಮೇಲಿನ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಆ ಸಂಕಟಕ್ಕೆ ಮದ್ದಿಲ್ಲ, ಸುಳ್ಳು ಯಾಕೆ ಹೇಳಬೇಕು.

"ಈಗ ಅತ್ತು ಏನು ಬಂತು ಅತ್ತಿಗೆ, ಹೋದೋರು ಹೋದ್ರು" ಎಂದಳು ಸುಭದ್ರಾ.

"ಅವರ ಪಕ್ಕದ ಮಂಚದ ಕೌಸಲ್ಯಮ್ಮ ಇನ್ನೂ ಇದ್ದಾರಲ್ಲ" ಎಂದಳು ಫಿಲೋಮಿನಾ. "ಕತ್ರೀನಾ ಹೋದಾಗಿಂದ ಗಂಜಿನೂ ಸರಿಯಾಗಿ ಕುಡೀತಿಲ್ಲ. ಡಾಕ್ಟರು ನೋಡಿದ್ರು, ಔಷಧಿ ನಡೀತಿದೆ. ಅವರಿಗೆ ಬೇಕಾಗಿರೋದು ಜೊತೆ. ಅದು ನಮ್ಮ ಅಲಮಾರೀಲಿ ಇಲ್ಲ."

"ಗುರುತಿಲ್ಲದೋರ ಹತ್ರ ಏನು ಮಾತಾಡ್ಲಿ?" ಎಂದಳು ವಿಲಾಸಿನಿ.

"ಮಂಚದ ಪಕ್ಕ ನಿಂತ್ಕೊಂಡೇ ಮಾತಾಡಿಸ್ಬೇಡಿ, ಕುರ್ಚಿ ಎಳ್ಕೊಂಡು ಕೂತ್ಕೊಳ್ಳಿ. ನಿಮ್ಮ ಹೆಸರು ನೀವೇ ಹೇಳಿ. ಎಷ್ಟೋ ಜನ 'ನಾನ್ಯಾರು ಹೇಳಿ ನೋಡೋಣ' ಅಂತ ಪರೀಕ್ಷೆ ಮಾಡ್ತಾರೆ, ಮರೆವು ಬಂದೋರಿಗೆ ಅದು ಹಿಂಸೆ. ತಿನ್ನೋಕೆ ಕೊಡೋ ಮುಂಚೆ ನಮ್ಮನ್ನ ಕೇಳಿ. ಕೆಮ್ಮು, ಜ್ವರ ಇದ್ದ ದಿನ ಬರ್ಬೇಡಿ. ಅಷ್ಟೇ."

ಕೌಸಲ್ಯಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ವಿಲಾಸಿನಿ ಕುರ್ಚಿ ಎಳೆದು ಕುಳಿತಳು.

"ನಾನು ವಿಲಾಸಿನಿ. ಕತ್ರೀನಾ ಗೆಳತಿ."

ಮುದುಕಿ ನಿಧಾನವಾಗಿ ಹೊರಳಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಈಗ ಬಂದ್ಯಾ? ನಿನ್ನ ಸುದ್ದಿ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಹುರಿ ಹೊಸೀತಾ ಹಿಂದೆ ನೋಡದೆ ನಡೆದು ಕಾಲುವೆಗೆ ಬಿದ್ದೋಳು ನೀನೇ ತಾನೆ?"

"ನಾನಲ್ಲ, ಬಿದ್ದೋಳು ಅವಳು. ನಾನು ಎತ್ತಿದ್ದು."

"ಅವಳು ನಿನ್ನ ಹೆಸರೇ ಹೇಳಿದ್ಲಲ್ಲ."

"ಸತ್ತ ಮೇಲೂ ನನ್ನ ಮರ್ಯಾದೆ ತೆಗೀತಾಳೆ ನೋಡಿ" ಎಂದು ವಿಲಾಸಿನಿ ಅಳುತ್ತಲೇ ನಕ್ಕಳು. ಕೌಸಲ್ಯಮ್ಮನೂ ನಕ್ಕಳು. ಮಾತು ಬೆಳೆಯಿತು. ಫಿಲೋಮಿನಾ ತಂದ ಗಂಜಿಯಲ್ಲಿ ಅರ್ಧ ಬಟ್ಟಲು ಖಾಲಿಯಾಯಿತು. ಬಾಗಿಲಲ್ಲೇ ನಿಂತಿದ್ದ ಸುಭದ್ರಾ ಯಾವಾಗ ಇನ್ನೊಂದು ಕುರ್ಚಿ ಎಳೆದುಕೊಂಡಳೋ ಯಾರೂ ನೋಡಲಿಲ್ಲ.

ಹೊರಡುವಾಗ ಅವಳೇ ನರ್ಸನ್ನು ಕೇಳಿದಳು: "ಗುರುವಾರನೂ ನಾಲ್ಕಕ್ಕೇನಾ? ಅತ್ತಿಗೆಗೆ ಮಂಡಿನೋವು, ನಾನೂ ಬರ್ಬೇಕಾಗುತ್ತೆ, ಅದಕ್ಕೇ ಕೇಳ್ದೆ."

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುವಾಗ ನಿಮಗೂ ಒಂದು ಹೆಸರು ನೆನಪಾಗಿರುತ್ತದೆ. ಅವರಿರುವ ಕಡೆ ಭೇಟಿಯ ಹೊತ್ತು ಯಾವುದೆಂದು ಇವತ್ತೇ ವಿಚಾರಿಸಿ. ಅವರು ಈಗಾಗಲೇ ಹೋಗಿಬಿಟ್ಟಿದ್ದರೆ, ಪಕ್ಕದ ಮಂಚದಲ್ಲಿ ಯಾರಿದ್ದಾರೆಂದು ಕೇಳಿಕೊಂಡು ಅವರನ್ನು ನೋಡಲು ಹೋಗಿ. ತಿಥಿಯಲ್ಲಿ ಎಷ್ಟು ಬಡಿಸಿದರೂ ಹೋದವರು ಎದ್ದು ಬಂದು ಉಣ್ಣುವುದಿಲ್ಲ. ಉಸಿರಿರುವಾಗ ಹೋಗಿ, ಬರಿಗೈಲೇ ಹೋಗಿ.