ಎರಡನೇ ಮಣ್ಣು

"ಮೆಲ್ಲಗೆ ಕಣೋ ಹೇಮೋ, ಒಳಗೆ ಹೆಣ ಇದೆ," ಎಂದರು ಪಾದ್ರಿ ಪಿಯರ್ಸ್.

ಹೇಮೋ ಗೋಡೆಗೆ ಇನ್ನೊಂದು ಏಟು ಹಾಕಿದ. "ಕಟ್ಟಿದವನೂ ನಾನೇ, ಗುರುಗಳೇ. ಕೆಡವೋನೂ ನಾನೇ ಅಂತ ಗೊತ್ತಿದ್ರೆ ಆವತ್ತೇ ಒಂದಿಷ್ಟು ಸುಣ್ಣ ಕದೀತಿದ್ದೆ."

ಚರ್ಚಿನ ಪಕ್ಕೆಗೆ ಅಂಟಿಕೊಂಡಿದ್ದ ಆ ಕೋಣೆಗೆ ಬಾಗಿಲಿರಲಿಲ್ಲ. ಪೂಜೆ ನೋಡಲು ಒಂದು ಕಿಂಡಿ, ಬೀದಿಯ ಕಡೆಗೆ ಕಪ್ಪು ಪರದೆಯ ಇನ್ನೊಂದು ಕಿಂಡಿ. ಒಳಗಿದ್ದ ಇಸಾಟ್‌ಳ ಮಾತು ಕೇಳಲು ಲಿಂಕನ್ ಪಟ್ಟಣವೇ ಬರುತ್ತಿತ್ತು, ಮುಖ ಕಂಡವರಿಲ್ಲ. ನಿನ್ನೆ ಕಿಂಡಿಯಲ್ಲಿಟ್ಟ ಗಂಜಿ ಹಾಗೇ ಉಳಿದಿತ್ತು.

"ನಾನು ಮುಖ ನೋಡ್ಬೇಕು," ಎಂದಳು ಇಸಾಟ್‌ಳ ಮಗಳು ಎಮಟ್.

"ಮೊದಲ್ನೇ ಸಲ ಮಣ್ಣು ಮಾಡಿದಾಗ ನೋಡಿದ್ದೆಯಲ್ಲ ತಾಯಿ?" ಎಂದ ಹೇಮೋ.

"ಆಗ ನಂಗೆ ಆರು ವರ್ಷ. ನೆನಪಿರೋದು ಬೆನ್ನು ಮಾತ್ರ."

* * *

ಪ್ಲೇಗು ಗಂಡನನ್ನು ಒಯ್ದ ವರ್ಷ ಇಸಾಟ್ ಮಗಳನ್ನು ಅಕ್ಕನ ಕೈಗೆ ಕೊಟ್ಟು, ಸಾಯುವವರೆಗೆ ಒಬ್ಬಳೇ ದೇವರ ಧ್ಯಾನದಲ್ಲಿರುವ ಹರಕೆ ಹೊತ್ತು ಆ ಕೋಣೆಯೊಳಗೆ ಹೋದಳು; ಹಿಂದೆಯೇ ಗೋಡೆ ಎದ್ದಿತು. ಬಿಷಪ್ಪರು ಸತ್ತವರ ಮಂತ್ರವನ್ನೇ ಹೇಳಿ ತಲೆಗೆ ಬೂದಿ ಹಾಕಿದರು. ಊರು ಕಂಡ ಹೆಣಗಳಲ್ಲಿ ಕುಣಿಗೆ ತಾನೇ ನಡೆದು ಹೋದದ್ದು ಅದೊಂದೇ.

ಬೆಳೆದ ಮೇಲೆ ಎಮಟ್ ಪರದೆಯ ಮುಂದೆ ನಿಂತಳು. "ಯಾಕವ್ವ ಬಿಟ್ಟೋದೆ?"

"ದೇವರೂ ಹೀಗೇ ಮಾಡ್ದ ಮಗಾ. ಆಕಾಶ ಸಾಲದವನು ಒಬ್ಬ ಹುಡುಗಿ ಹೊಟ್ಟೇಲಿ ಮುದುಡಿ ಕೂತ. ನಮ್ಮ ಮಾಂಸ, ನಮ್ಮ ಹಸಿವು, ಎಲ್ಲಾ ತನ್ನ ಮೈಮೇಲೆ ಎಳ್ಕೊಂಡ. ಪ್ರೀತಿ ಅಂದ್ರೆ ಅಷ್ಟು ಸಣ್ಣಗಾಗೋದು ಕಣೇ."

"ಅವನು ಒಂಬತ್ತು ತಿಂಗಳಿಗೆ ಹೊರಗೆ ಬಂದ. ನೀನು?"

ಎಮಟ್ ಮತ್ತೆ ಆ ಕಿಂಡಿಗೆ ಹೋಗಲಿಲ್ಲ. ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಅದೇ ಬೀದಿಯಲ್ಲಿ ಮೀನು ಕೂಗುತ್ತ ಹೋಗುವಳು. ಕಿಂಡಿಯ ಬಳಿ ಬಂದಾಗ ಬೇಕೆಂದೇ ಇನ್ನಷ್ಟು ಜೋರಾಗಿ.

* * *

ಕಲ್ಲು ಉರುಳಿತು. ಪಾದ್ರಿ ಶಿಲುಬೆ ಎತ್ತುವಷ್ಟರಲ್ಲಿ ಎಮಟ್ ಒಳಗಿದ್ದಳು.

ಕೋಣೆಯ ನೆಲದಲ್ಲಿ ತಾನೇ ತೋಡಿಕೊಂಡ ಕುಣಿಯಲ್ಲಿ ಇಸಾಟ್ ಮಲಗಿದ್ದಳು. ಎಮಟ್ ಬಗ್ಗಿ ನೋಡಿದಳು. ಯಾರೋ ಮುದುಕಿ. ಬೀದಿಯಲ್ಲಿ ಸಿಕ್ಕಿದ್ದರೆ ಚೌಕಾಸಿ ಮಾಡಿ ಕಳಿಸುತ್ತಿದ್ದಳು, ಅಷ್ಟೇ.

"ನೋಡಿದ್ಯಲ್ಲ, ಬಾ ಆಚೆ," ಎಂದರು ಪಾದ್ರಿ.

"ಇವಳು ಯಾರೋ, ನಂಗೇನ್ ಗೊತ್ತು," ಎಂದು ಎಮಟ್ ತಿರುಗಿದಳು.

ಪೂಜೆಯ ಕಿಂಡಿಯ ಕೆಳಗೆ ಮಣ್ಣುನೆಲ ಸಮವಾಗಿತ್ತು. ಬೀದಿಯ ಕಿಂಡಿಯ ಕೆಳಗೆ ಎರಡು ಗುಳಿ, ಮೊಣಕಾಲು ಊರಿ ಊರಿ ಸವೆದವು. ಅದರ ಮೇಲೆ, ಗೋಡೆಯ ಸುಣ್ಣದಲ್ಲಿ, ಕಿವಿಯಷ್ಟಗಲ ಎಣ್ಣೆಗಪ್ಪು ಕಲೆ.

ಹೇಮೋ ತಲೆಯ ಟೋಪಿ ತೆಗೆದ.

ಎಮಟ್ ಗುಳಿಗಳಲ್ಲಿ ಮೊಣಕಾಲೂರಿದಳು. ಕಲೆಯ ಮೇಲೆ ಕಿವಿಯಿಟ್ಟಳು. ತಾನು ದಿನಾ ಮೀನು ಕೂಗುತ್ತ ಹೋಗುವ ಬೀದಿ ಆಚೆಯಿಂದ ಕೇಳಿಸಿತು.

ಗೋಡೆ ಇನ್ನೂ ಬೆಚ್ಚಗಿತ್ತು.